ನಂಬರ್ ಬೀಳುವ ಮೊದಲೇ ಕಾರು ನೋಡಿ: ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಹೊಸ ಕಾರು ಕೊಳ್ಳುವ ಮಾರ್ಗದರ್ಶಿ

ಶೋರೂಮಿನಲ್ಲಿ ಕಾರಿನ ಮೇಲೆ ಹೊದಿಸಿದ ಬಟ್ಟೆ ಎಳೆದು, ಕೇಕ್ ಕತ್ತರಿಸಿ, ಮೊಣಕೈ ಉದ್ದದ ರಟ್ಟಿನ ಕೀ ಹಿಡಿದು ಮನೆಯವರೆಲ್ಲ ಫೋಟೊ ತೆಗೆಸಿಕೊಂಡ ಮೇಲೆ ಹಿಂದಿನ ಬಾಗಿಲ ಅಂಚಿನಲ್ಲಿ ಬಣ್ಣ ಬೇರೆಯಾಗಿ ಕಂಡರೆ ಏನು ಮಾಡುತ್ತೀರಿ? ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಅಷ್ಟರಲ್ಲಿ ಬಿಲ್ ಆಗಿದೆ, ವಿಮೆ ಆಗಿದೆ, ತೆರಿಗೆ ಕಟ್ಟಿ ಕೆಎ 13ಓ ಕೆಎ 18ಓ ನಂಬರ್ ಬಿದ್ದಾಗಿದೆ. ಕಾಗದದ ಮೇಲೆ ಕಾರು ನಿಮ್ಮದು. ‘ಸರ್ವೀಸಿಗೆ ಬಂದಾಗ ಸರಿಮಾಡಿ ಕೊಡ್ತೀವಿ ಸಾರ್’ ಅನ್ನುವ ಮಾತಿಗೆ ತಲೆಯಾಡಿಸಿ ಬರಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಹಾಗಾಗಿ ಕಾರು ಕೊಳ್ಳುವ ತಯಾರಿಯಲ್ಲಿ ಬಣ್ಣ, ಮಾಡೆಲ್‌ಗಿಂತ ಮುಖ್ಯವಾದದ್ದು ಯಾವ ಕೆಲಸ ಯಾವುದಕ್ಕಿಂತ ಮೊದಲು ಆಗಬೇಕು ಎಂಬುದು. ನಿಮಗೆ ಗೊತ್ತುಮಾಡಿದ ಕಾರನ್ನು ನೋಂದಣಿಗೆ ಮುಂಚೆ, ಸಾಧ್ಯವಾದರೆ ಬಿಲ್ ಹಾಕುವುದಕ್ಕೂ ಮುಂಚೆ, ಹಗಲು ಬೆಳಕಿನಲ್ಲಿ ನೋಡಬೇಕು. ಅಲ್ಲಿಯವರೆಗೆ ‘ಈ ಕಾರು ಬೇಡ, ಬೇರೆ ಕೊಡಿ’ ಎನ್ನುವ ಅವಕಾಶ ನಿಮ್ಮ ಕೈಯಲ್ಲಿರುತ್ತದೆ.

ಮೊದಲು ನಿಮ್ಮ ರಸ್ತೆ ನೋಡಿ

ಬೆಂಗಳೂರಿನವರು ಮೆಚ್ಚಿ ಬರೆದ ಕಾರು ಆಲ್ದೂರಿನ ತೋಟದ ಮನೆಗೆ ಹೊಂದಬೇಕಿಲ್ಲ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಅದಕ್ಕಿಂತ ಮೇಲೆ, ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ 1,000 ಮೀಟರ್ ಏರಿದಾಗ ಹತ್ತಿರಹತ್ತಿರ ಹತ್ತನೇ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ, ಮೇಲೆ ಗಾಳಿ ತೆಳುವಾಗುವುದೇ ಕಾರಣ. ಅಂದರೆ ಕಾಗದದ ಮೇಲೆ 80 ಅಶ್ವಶಕ್ತಿ ಇರುವ ಎಂಜಿನ್ ಗಿರಿಯ ತಿರುವುಗಳಲ್ಲಿ 65ರ ಆಸುಪಾಸಿಗೆ ಇಳಿದಿರುತ್ತದೆ. ಅದರ ಮೇಲೆ ಐದು ಜನ, ಎಸಿ. ಟರ್ಬೊ ಎಂಜಿನ್‌ಗೆ ಈ ಸೊರಗು ಕಡಿಮೆ. ವರ್ಷಕ್ಕೊಮ್ಮೆ ಗಿರಿ ಹತ್ತುವವರು ಇದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ವಾರಕ್ಕೆರಡು ಸಲ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತಿಳಿಯುವವರು ಕೆಡಿಸಿಕೊಳ್ಳಬೇಕು.

ಡೀಸೆಲ್ ಬೇಕೇ ಎಂಬ ಪ್ರಶ್ನೆಗೆ ಈಗ ಮೈಲೇಜ್ ಒಂದೇ ಉತ್ತರವಲ್ಲ. ಬಿಎಸ್ 6, ಅಂದರೆ ಈಗಿನ ಹೊಗೆ ನಿಯಮಕ್ಕೆ ಹೊಂದುವ ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತನ್ನಲ್ಲಿ ತುಂಬಿದ ಮಸಿಯನ್ನು ಸುಟ್ಟುಕೊಳ್ಳಬೇಕಾದರೆ ಎಂಜಿನ್ ಚೆನ್ನಾಗಿ ಬಿಸಿಯಾಗಿ ಇಪ್ಪತ್ತು ನಿಮಿಷವಾದರೂ ಒಂದೇ ವೇಗದಲ್ಲಿ ಓಡಬೇಕು. ದಿನಾ ಮನೆಯಿಂದ ಮಗುವಿನ ಶಾಲೆಗೆ 3 ಕಿಲೊಮೀಟರ್, ಅಲ್ಲಿಂದ ಅಂಗಡಿಗೆ 2 ಕಿಲೊಮೀಟರ್ ಅಷ್ಟೇ ಓಡಿಸುವವರ ಕಾರಿನಲ್ಲಿ ಈ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ದೀಪ, ಆಮೇಲೆ ಸರ್ವೀಸ್ ಸೆಂಟರ್. ಹಾಸನದಿಂದ ಬೆಂಗಳೂರಿಗೆ ವಾರವಾರ ಹೋಗುವವರಿಗೆ ಈ ತೊಂದರೆಯೇ ಇಲ್ಲ. ಊರೊಳಗಷ್ಟೇ ಓಡಿಸುವವರು ಪೆಟ್ರೋಲ್ ತೆಗೆದುಕೊಳ್ಳುವುದು ಕ್ಷೇಮ. ವಿದ್ಯುತ್ ಕಾರಿನ ಯೋಚನೆ ಇದ್ದರೆ ಮನೆಯ ಕರೆಂಟ್ ನೋಡಿ: 15 ಆಂಪಿಯರ್ ಸಾಕೆಟ್ಟಿನಲ್ಲಿ 40 ಯೂನಿಟ್ಟಿನ ಬ್ಯಾಟರಿ ತುಂಬಲು ಹೆಚ್ಚುಕಡಿಮೆ ಇಡೀ ರಾತ್ರಿ ಬೇಕು, ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದ ಊರಿನವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ಅಡಿಗೂ ಇರುವ ಅಂತರ) ಎಂದು ಪುಸ್ತಿಕೆಯಲ್ಲಿ ಬರೆದಿರುವುದು ಸಾಮಾನ್ಯವಾಗಿ ಖಾಲಿ ಕಾರಿನ ಅಳತೆ. ಐದು ಜನ, ಎರಡು ಮೂಟೆ ಗೊಬ್ಬರ ಹೇರಿದ ಮೇಲೆ ಅದು ಎಷ್ಟೋ ಇಳಿಯುತ್ತದೆ. ತೋಟದ ರಸ್ತೆಯಲ್ಲಿ ಜೀಪಿನ ಚಕ್ರದ ಗುಂಡಿಗಳ ನಡುವೆ ಎದ್ದುನಿಂತ ದಿಣ್ಣೆಗೆ ಎಂಜಿನ್ ಅಡಿಯ ಆಯಿಲ್ ಚೇಂಬರ್ ಬಡಿಯುವುದು ಆಗಲೇ. ಖಾಲಿ ಕಾರಿಗೆ 180 ಮಿಲಿಮೀಟರ್‌ಗಿಂತ ಕಡಿಮೆ ಇರುವುದನ್ನು ಮಣ್ಣು ರಸ್ತೆಯವರು ಬಿಟ್ಟುಬಿಡುವುದೇ ಒಳ್ಳೆಯದು.

ಟೆಸ್ಟ್ ಡ್ರೈವ್‌ಗೆ ಶೋರೂಮಿನವರು ಹಾಸನದಲ್ಲಿ ಬಿಎಂ ರಸ್ತೆಯ ಸಮತಟ್ಟಿನಲ್ಲಿ ಹೋಗಿ ಬರೋಣ ಎನ್ನುತ್ತಾರೆ. ಆ ರಸ್ತೆಯಲ್ಲಿ ಯಾವ ಕಾರೂ ಚೆನ್ನಾಗಿಯೇ ಓಡುತ್ತದೆ. ಏರು ಇರುವ ಕಡೆಗೇ ಕರೆದುಕೊಂಡು ಹೋಗಿ ಎನ್ನಿ, ಚಿಕ್ಕಮಗಳೂರಿನವರಾದರೆ ಕೈಮರದ ಕಡೆಗೆ. ಮನೆಯ ನಾಲ್ಕು ಜನ ಹತ್ತಲಿ, ಎಸಿ ಹಾಕಿ. ಏರಿನ ನಡುವೆ ಪೂರ್ತಿ ನಿಲ್ಲಿಸಿ ಮತ್ತೆ ಎತ್ತಿ. ಏರಿನಲ್ಲೇ ರಿವರ್ಸ್ ತೆಗೆದುಕೊಂಡು ನೋಡಿ. ಹೇರ್‌ಪಿನ್ ತಿರುವಿನಲ್ಲಿ ಎರಡನೇ ಗೇರಿನಲ್ಲಿ ಎಳೆಯುತ್ತದೆಯೇ, ಒಂದಕ್ಕೆ ಇಳಿಸಲೇಬೇಕೇ ಗಮನಿಸಿ. ಎಎಂಟಿ, ಅಂದರೆ ಗೇರನ್ನು ತಾನೇ ಬದಲಿಸುವ ಕಾರಾದರೆ ಎರಡು ಪಟ್ಟು ಎಚ್ಚರ ಬೇಕು: ಅದರೊಳಗಿರುವುದು ಮಾಮೂಲಿ ಕ್ಲಚ್ಚೇ, ತುಳಿಯುವ ಕೆಲಸ ಮಾತ್ರ ಯಂತ್ರದ್ದು. ಘಾಟಿಯಲ್ಲಿ ಲಾರಿಗಳ ಹಿಂದೆ ಬ್ರೇಕ್ ಬಿಟ್ಟು ಆಕ್ಸಿಲರೇಟರಿನಲ್ಲೇ ಕಾರು ಹಿಡಿದು ನಿಲ್ಲಿಸಿದರೆ ಕ್ಲಚ್ ಬಿಸಿಯಾಗಿ ವಾಸನೆ ಬರುತ್ತದೆ. ಏರಿನಲ್ಲಿ ಹಿಂದಕ್ಕೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಇಲ್ಲದ ಎಎಂಟಿ ಮಲೆನಾಡಿಗೆ ಬೇಡ.

ಕೊನೆಗೆ, ನಿಮ್ಮ ಮನೆಯಿಂದ ಆ ಕಂಪನಿಯ ಸರ್ವೀಸ್ ಸೆಂಟರ್ ಎಷ್ಟು ದೂರ ಎಂದು ಅಳೆಯಿರಿ. ಸಣ್ಣ ಊರುಗಳಲ್ಲಿ ಕೆಲವು ಕಂಪನಿಗಳದ್ದು ಮಾರಾಟ ಮಳಿಗೆ ಮಾತ್ರ. ಆಯಿಲ್ ಬದಲಾಯಿಸುವ ಜಾಗವಿದ್ದರೂ ಟಿಂಕರಿಂಗ್, ಪೇಂಟಿಂಗ್ ಬೇರೆ ಜಿಲ್ಲೆಯಲ್ಲಿ ಇರಬಹುದು. ಅಪಘಾತವಾದ ಕಾರನ್ನು ಎಳೆಸಿಕೊಂಡು ಘಾಟಿ ಇಳಿಯುವ ಖರ್ಚು ಆ ದಿನವೇ ಗೊತ್ತಾಗುವುದು.

ಕೊಟೇಶನ್ ಹಾಳೆಯ ಸಾಲುಸಾಲೂ ಓದಿ

‘ಆನ್‌ರೋಡ್ ಎಷ್ಟಾಗುತ್ತೆ?’ ಎಂದು ಕೇಳಿ ಒಂದೇ ಮೊತ್ತ ಬರೆದುಕೊಂಡು ಬಂದವರು ಚೌಕಾಸಿಗೆ ದಾರಿಯನ್ನೇ ಇಟ್ಟುಕೊಂಡಿರುವುದಿಲ್ಲ. ಎಕ್ಸ್‌ಶೋರೂಂ ಬೆಲೆ, ತೆರಿಗೆ, ನೋಂದಣಿ ಶುಲ್ಕ, ವಿಮೆ, ಫಾಸ್ಟ್ಯಾಗ್, ಹೆಚ್ಚುವರಿ ವಾರಂಟಿ, ಆಕ್ಸೆಸರೀಸ್ ಎಲ್ಲವನ್ನೂ ಬೇರೆಬೇರೆ ಸಾಲಿನಲ್ಲಿ, ಡೀಲರ್ ಸೀಲು ಹಾಕಿದ ಹಾಳೆಯಲ್ಲಿ ಪಡೆಯಿರಿ.

ಎಕ್ಸ್‌ಶೋರೂಂ ಬೆಲೆಯಲ್ಲಿ ಜಿಎಸ್‌ಟಿ ಸೇರಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಉದ್ದದೊಳಗಿನ, 1,200 ಸಿಸಿವರೆಗಿನ ಪೆಟ್ರೋಲ್ ಮತ್ತು 1,500 ಸಿಸಿವರೆಗಿನ ಡೀಸೆಲ್ ಕಾರುಗಳಿಗೆ 18%, ಅದಕ್ಕಿಂತ ದೊಡ್ಡವಕ್ಕೆ 40%, ವಿದ್ಯುತ್ ಕಾರಿಗೆ 5%.

ನಿಜವಾದ ಪೆಟ್ಟು ಬೀಳುವುದು ರಾಜ್ಯದ ಆಜೀವ ತೆರಿಗೆಯಲ್ಲಿ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿಗೆ 5 ಲಕ್ಷದವರೆಗೆ 13%, 5ರಿಂದ 10 ಲಕ್ಷಕ್ಕೆ 14%, 10ರಿಂದ 20 ಲಕ್ಷಕ್ಕೆ 17%, ಅದರಾಚೆ 18%. ಆ ತೆರಿಗೆಯ ಮೇಲೆ ಮತ್ತೆ 11% ಸೆಸ್. ಈ ಹಂತಗಳು ಮೆಟ್ಟಿಲಿನ ಹಾಗೆ. ಗೆರೆ ದಾಟಿದರೆ ಪೂರ್ತಿ ಬೆಲೆಗೂ ಮೇಲಿನ ದರವೇ. ಲೆಕ್ಕ ನೋಡಿ:

9,50,000 ರೂಪಾಯಿಯ ಕಾರಿಗೆ ತೆರಿಗೆ 1,33,000, ಸೆಸ್ 14,630, ಒಟ್ಟು 1,47,630.
10,20,000 ರೂಪಾಯಿಯ ಕಾರಿಗೆ ತೆರಿಗೆ 1,73,400, ಸೆಸ್ 19,074, ಒಟ್ಟು 1,92,474.

ಸನ್‌ರೂಫ್ ಇರುವ ಮೇಲಿನ ವೇರಿಯಂಟಿಗೆ ‘ಬರೀ 70,000 ಜಾಸ್ತಿ ಸಾರ್’ ಎಂದರೆ, ತೆರಿಗೆಯಲ್ಲೇ ಇನ್ನೂ 44,844 ಸೇರಿ 1,15,000 ಹತ್ತಿರ ಆಗುತ್ತದೆ. ಜೊತೆಗೆ 10 ಲಕ್ಷ ದಾಟಿದ ಕಾರಿಗೆ 1% ಟಿಸಿಎಸ್ (ಮಾರುವವರೇ ಹಿಡಿದು ಕಟ್ಟುವ ಆದಾಯ ತೆರಿಗೆ) ಕೂಡ ಹಿಡಿಯುತ್ತಾರೆ, ಇಲ್ಲಿ 10,200. ಇದು ಖರ್ಚಲ್ಲ, ನಿಮ್ಮ ಪ್ಯಾನ್ ಹೆಸರಿಗೆ ಜಮೆಯಾಗುತ್ತದೆ, ಆದಾಯ ತೆರಿಗೆ ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ ಅಥವಾ ತೆರಿಗೆಯಲ್ಲಿ ಕಳೆಯುತ್ತದೆ. ರಿಟರ್ನ್ ಹಾಕದ ಕೃಷಿಕರ ಎಷ್ಟೋ ಹಣ ಹೀಗೆಯೇ ಉಳಿದುಹೋಗುತ್ತದೆ. ಮನೆಯಲ್ಲಿ ರಿಟರ್ನ್ ಹಾಕುವವರು ಯಾರಾದರೂ ಇದ್ದರೆ ಕಾರನ್ನು ಅವರ ಹೆಸರಿಗೇ ಮಾಡುವುದು ಒಂದು ದಾರಿ.

ಹಾಳೆಯಲ್ಲಿ ‘ಹ್ಯಾಂಡ್ಲಿಂಗ್’, ‘ಲಾಜಿಸ್ಟಿಕ್ಸ್’, ‘ಡಿಪೊ ಚಾರ್ಜ್’, ‘ಫೆಸಿಲಿಟೇಶನ್’ ಎಂಬ ಸಾಲು ಕಂಡರೆ ಬೆರಳಿಟ್ಟು ಕೇಳಿ. ಸರ್ಕಾರಕ್ಕೆ ಕಟ್ಟುವ ಹಣವಲ್ಲ ಅದು. ‘ಬೇಸಿಕ್ ಕಿಟ್’ ಎಂಬುದೂ ಕಡ್ಡಾಯವಲ್ಲ. ಜಗಳ ಬೇಡ, ‘ಇದರ ರಸೀದಿ ಯಾವ ಹೆಸರಿಗೆ ಕೊಡ್ತೀರಿ?’ ಎಂದು ಕೇಳಿದರೆ ಬಹಳ ಸಲ ಆ ಸಾಲು ತಾನಾಗಿ ಹೋಗುತ್ತದೆ.

ಇದೇ ಮಾಡೆಲ್‌ಗೆ ಇನ್ನೊಂದು ಊರಿನ ಡೀಲರ್ ಹತ್ತಿರವೂ ಕೊಟೇಶನ್ ತೆಗೆದುಕೊಳ್ಳಿ. ಮೈಸೂರಲ್ಲೋ ಮಂಗಳೂರಲ್ಲೋ ಶಿವಮೊಗ್ಗದಲ್ಲೋ ಕೊಂಡರೂ ನೋಂದಣಿಯನ್ನು ನಿಮ್ಮ ವಿಳಾಸದ ಆರ್‌ಟಿಒಗೇ ಮಾಡಿಸಬಹುದು: ಹಾಸನ ಕೆಎ 13, ಚಿಕ್ಕಮಗಳೂರು ಕೆಎ 18, ಸಕಲೇಶಪುರ ಕೆಎ 46, ತರೀಕೆರೆ ಕೆಎ 66.

ಆಷಾಢದ ರಿಯಾಯಿತಿ, ಆಯುಧಪೂಜೆಯ ನೂಕುನುಗ್ಗಲು

ನಮ್ಮ ಕಡೆ ಕಾರಿನ ಬೆಲೆ ಪಂಚಾಂಗದ ಜೊತೆ ಏರಿಳಿಯುತ್ತದೆ. ಆಷಾಢದಲ್ಲಿ ಯಾರೂ ಗಾಡಿ ತೆಗೆಯುವುದಿಲ್ಲ, ಶೋರೂಂ ಖಾಲಿ ಹೊಡೆಯುತ್ತದೆ, ಆಗ ಮಾತಿಗೆ ಕುಳಿತರೆ ನಿಮ್ಮ ಮಾತು ನಡೆಯುತ್ತದೆ. ಬುಕಿಂಗ್ ಆಷಾಢದಲ್ಲಿ ಮಾಡಿ, ಆ ದಿನದ ರಿಯಾಯಿತಿಯನ್ನು ಬರೆಸಿಕೊಂಡು, ಡೆಲಿವರಿಯನ್ನು ಶ್ರಾವಣದಲ್ಲಿ ಇಟ್ಟುಕೊಂಡರೆ ಮನೆಯ ಹಿರಿಯರಿಗೂ ಸಮಾಧಾನ. ಆದರೆ ರಿಯಾಯಿತಿ ಸಾಮಾನ್ಯವಾಗಿ ಬಿಲ್ ಆದ ತಿಂಗಳಿನದು. ‘ಬುಕಿಂಗ್ ದಿನದ ರಿಯಾಯಿತಿ ಡೆಲಿವರಿಗೂ ಅನ್ವಯ’ ಎಂದು ಬರೆದುಕೊಡಲು ಒಪ್ಪದಿದ್ದರೆ ಆಷಾಢದೊಳಗೇ ಬಿಲ್ ಮಾಡಿಸಿ, ಗಾಡಿ ಮನೆಗೆ ತರುವುದನ್ನಷ್ಟೇ ಮುಂದೂಡಿ.

ಇನ್ನೊಂದು ಸುಗ್ಗಿ ಡಿಸೆಂಬರ್ ಕೊನೆ. ವರ್ಷ ಮುಗಿಯುವ ಮೊದಲು ಸ್ಟಾಕ್ ಖಾಲಿ ಮಾಡಬೇಕಾದ ಒತ್ತಡ ಡೀಲರಿಗೆ, ಧನುರ್ಮಾಸ ಎಂದು ಹಿಂಜರಿಯುವವರು ಜನ. ಒಳ್ಳೆಯ ರಿಯಾಯಿತಿ ಸಿಗುತ್ತದೆ. ಆದರೆ ಮುಂದೆ ಮಾರುವಾಗ ಕಾರಿಗೆ ಒಂದು ವರ್ಷ ಹೆಚ್ಚು ವಯಸ್ಸು ಎಣಿಸುತ್ತಾರೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಈ ವ್ಯತ್ಯಾಸ ಸಣ್ಣದು, ಮೂರು ವರ್ಷಕ್ಕೆ ಬದಲಾಯಿಸುವವರಿಗೆ ರಿಯಾಯಿತಿಯನ್ನೇ ನುಂಗುವಷ್ಟು.

ಆಯುಧಪೂಜೆಯ ದಿನ ಮಾತ್ರ ಡೆಲಿವರಿ ಇಟ್ಟುಕೊಳ್ಳಬೇಡಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಒಂದೇ ದಿನ ಹತ್ತಾರು ಕಾರು ಹೊರಹೋಗಬೇಕಾದಾಗ ಯಾವ ಕಾರನ್ನೂ ಯಾರೂ ಸರಿಯಾಗಿ ನೋಡಿರುವುದಿಲ್ಲ. ಎರಡು ದಿನ ಮೊದಲೇ ತಂದು ಮನೆಯಲ್ಲೇ ಪೂಜೆ ಮಾಡಿದರಾಯಿತು.

ಹಣದ ಏರ್ಪಾಡು

ಕಾಫಿ, ಮೆಣಸು, ಶುಂಠಿ ಮಾರಿದ ಹಣ ನಗದಾಗಿ ಕೈಯಲ್ಲಿದ್ದರೆ ಒಂದು ವಿಷಯ ಗೊತ್ತಿರಲಿ: ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಡೀಲರ್ ಪಡೆಯುವಂತಿಲ್ಲ. ಬ್ಯಾಂಕಿಗೆ ಹಾಕಿ, ಅಲ್ಲಿಂದಲೇ ಕಳಿಸಿ.

ಸಾಲ ಬೇಕಾದರೆ ಶೋರೂಮಿಗೆ ಹೋಗುವ ಮೊದಲೇ ನಿಮ್ಮ ಬ್ಯಾಂಕಿನಲ್ಲಿ ದರ ಕೇಳಿಕೊಂಡು ಹೋಗಿ. ಸಂಬಳದವರಿಗೆ ಸಂಬಳದ ಚೀಟಿ ಸಾಕು. ಕೃಷಿಕರಿಗೆ ಪಹಣಿ, ಬೆಳೆ ಮಾರಿದ ಬಿಲ್‌ಗಳು, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ; ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದಿದ್ದರೂ ಎರಡು-ಮೂರು ವರ್ಷದ ರಿಟರ್ನ್ ಇದ್ದರೆ ಸಾಲ ಬೇಗ ಆಗುತ್ತದೆ. ಫಸಲು ಬರುವ ತಿಂಗಳಿಗೆ ಹೊಂದಿಸಿ ಕಂತು ಇಡುತ್ತೀರಾ ಎಂದು ಬ್ಯಾಂಕಿನಲ್ಲಿ ಕೇಳುವುದರಲ್ಲಿ ತಪ್ಪೇನಿಲ್ಲ.

‘5% ಬಡ್ಡಿ ಅಷ್ಟೇ’ ಎಂಬ ಮಾತಿಗೆ ಮರುಳಾಗಬೇಡಿ. ಫ್ಲ್ಯಾಟ್ ಬಡ್ಡಿಯಲ್ಲಿ ತೀರಿಸಿದ ಅಸಲಿಗೂ ಕೊನೆಯವರೆಗೆ ಬಡ್ಡಿ ನಡೆಯುತ್ತದೆ. 8 ಲಕ್ಷಕ್ಕೆ 5 ವರ್ಷ, 5% ಫ್ಲ್ಯಾಟ್ ಎಂದರೆ ಬಡ್ಡಿ 2,00,000. ಅದೇ 8 ಲಕ್ಷಕ್ಕೆ ಉಳಿದ ಅಸಲಿನ ಮೇಲಷ್ಟೇ 9% ಹಾಕುವ ಬ್ಯಾಂಕಿನಲ್ಲಿ ಬಡ್ಡಿ ಸುಮಾರು 1,96,400. ಅಂದರೆ ಆ 5% ಈ 9%ಕ್ಕಿಂತ ದುಬಾರಿ. ಅವಧಿಯದ್ದೂ ಹೀಗೆಯೇ: 9%ರಲ್ಲಿ 5 ವರ್ಷಕ್ಕೆ ತಿಂಗಳ ಕಂತು 16,607, 7 ವರ್ಷಕ್ಕೆ 12,871. ಕಂತು ಹಗುರ ಕಾಣುತ್ತದೆ, ಬಡ್ಡಿ ಮಾತ್ರ 2,81,000 ದಾಟುತ್ತದೆ. ಪ್ರೊಸೆಸಿಂಗ್ ಶುಲ್ಕ ಎಷ್ಟು, ಮುಂಚೆಯೇ ತೀರಿಸಿದರೆ ದಂಡ ಎಷ್ಟು, ಸಾಲದ ಜೊತೆ ಯಾವ ವಿಮೆ ಅಂಟಿಸಿದ್ದಾರೆ, ಈ ಮೂರನ್ನು ಸಹಿಗೆ ಮೊದಲು ಕೇಳಿ.

ಹಳೆ ಕಾರು ಎಕ್ಸ್‌ಚೇಂಜಿಗೆ ಕೊಡುವವರು ಅದರ ಬೆಲೆಯನ್ನು ಹೊರಗೆ ಎರಡು ಕಡೆ ಮೊದಲೇ ಕೇಳಿರಬೇಕು. ಹೊಸ ಕಾರಿನ ರಿಯಾಯಿತಿ, ಹಳೆ ಕಾರಿನ ಬೆಲೆ ಎರಡನ್ನೂ ಕಲಸಿ ಮಾತಾಡಲು ಬಿಡಬೇಡಿ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದು ಅಲ್ಲೇ. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿದ ಮೇಲೆ ಆರ್‌ಸಿ ಹೊಸಬರ ಹೆಸರಿಗೆ ಆಯಿತೇ ಎಂದು ಬೆನ್ನುಹತ್ತಿ ನೋಡಿ. ಹಳೆ ಕಾರಿನ ಫಾಸ್ಟ್ಯಾಗ್ ಮುಚ್ಚಿಸಿ.

ವಿಮೆ

ಹೊಸ ಕಾರಿಗೆ ಮೂರನೆಯವರ ಹಾನಿಯ ವಿಮೆ 3 ವರ್ಷಕ್ಕೆ ಒಟ್ಟಿಗೆ ಕಡ್ಡಾಯ. ಸ್ವಂತ ಕಾರಿನ ಹಾನಿಯ ವಿಮೆ 1 ವರ್ಷದ್ದು ಸಾಕು. ಮೊದಲನೆಯದರ ದರವನ್ನು ಸರ್ಕಾರ ನಿಗದಿಮಾಡುತ್ತದೆ, ಎಲ್ಲಿ ಮಾಡಿಸಿದರೂ ಒಂದೇ. ಚೌಕಾಸಿ ಇರುವುದು ಎರಡನೆಯದರಲ್ಲಿ. ಡೀಲರ್ ಬಳಿಯೇ ಮಾಡಿಸಬೇಕೆಂಬ ನಿಯಮವಿಲ್ಲ. ಹೊರಗಿನ ಒಂದು ದರಪಟ್ಟಿ ತಂದು ತೋರಿಸಿದರೆ ಅವರ ದರ ಇಳಿಯುವುದು ಸಾಮಾನ್ಯ. ‘ವಿಮೆ ಹೊರಗೆ ಮಾಡಿಸಿದರೆ ರಿಯಾಯಿತಿ ಇಲ್ಲ’ ಎಂದರೆ ಎರಡನ್ನೂ ಕೂಡಿಸಿ ಒಟ್ಟು ಮೊತ್ತ ಯಾವುದು ಕಡಿಮೆಯೋ ಅದನ್ನು ಆರಿಸಿ.

ಮಾಮೂಲಿ ಪಾಲಿಸಿಯಲ್ಲೇ ಪ್ರವಾಹ, ಬಿರುಗಾಳಿ, ಭೂಕುಸಿತದ ಹಾನಿ ಸೇರಿದೆ. ಸೇರದಿರುವುದು, ನೀರು ನುಗ್ಗಿದ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಿ ಒಳಗೆ ಮುರಿದುಕೊಂಡದ್ದು. ಮಳೆಗಾಲದಲ್ಲಿ ಹಳ್ಳ ದಾಟಿ ಓಡಾಡುವ ಮೂಡಿಗೆರೆ, ಸಕಲೇಶಪುರ ಕಡೆಯವರು ಎಂಜಿನ್ ಪ್ರೊಟೆಕ್ಟ್ ಸೇರಿಸಿಕೊಳ್ಳಲೇಬೇಕು. ಜೀರೊ ಡೆಪ್ರಿಸಿಯೇಶನ್ ಎಲ್ಲರಿಗೂ ಬೇಕು: ಅದಿಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ವಿಮೆ ಕೊಡುವುದು ಅರ್ಧ ಬೆಲೆ. ತೋಟದಲ್ಲಿ ಇಲಿ ವೈರ್ ಕಡಿಯುವುದು ವರ್ಷವರ್ಷದ ಕಥೆ, ಅದು ಸೇರಿದೆಯೇ ಎಂದು ಪಾಲಿಸಿಯ ಹಾಳೆಯಲ್ಲೇ ತೋರಿಸಲು ಹೇಳಿ.

ಹಳೆ ಕಾರಿನ ನೋ ಕ್ಲೇಮ್ ಬೋನಸ್ ಮರೆಯಬೇಡಿ. ಅದು ಕಾರಿನದ್ದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಮಾಡದಿದ್ದರೆ ಸ್ವಂತ ಹಾನಿಯ ಕಂತಿನಲ್ಲಿ 50% ಉಳಿಯುತ್ತದೆ. ಹಳೆ ಕಾರು ಮಾರಿದ ಮೇಲೆ ವಿಮಾ ಕಂಪನಿಯಿಂದ ಪತ್ರ ಪಡೆದು ಹೊಸದಕ್ಕೆ ಹಾಕಿಸಿ. ಹಾಗೆಯೇ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಈಗಾಗಲೇ ನಿಮ್ಮ ಹೆಸರಲ್ಲಿದ್ದರೆ ಎರಡನೆಯದು ಬೇಕಿಲ್ಲ.

ಬುಕಿಂಗ್

ಮುಂಗಡವನ್ನು ಡೀಲರ್‌ಶಿಪ್ಪಿನ ಖಾತೆಗೇ ಕಳಿಸಿ. ಸೇಲ್ಸ್ ಹುಡುಗ ಎಷ್ಟೇ ಪರಿಚಯದವನಾದರೂ ಅವನ ಸ್ವಂತ ಮೊಬೈಲ್ ನಂಬರಿಗೆ ಒಂದು ರೂಪಾಯಿಯೂ ಬೇಡ. ಬುಕಿಂಗ್ ಫಾರಮ್ಮಿನಲ್ಲಿ ಇರಬೇಕಾದದ್ದು: ವೇರಿಯಂಟ್, ಬಣ್ಣ, ಕಾರು ತಯಾರಾದ ವರ್ಷ, ಒಪ್ಪಿದ ರಿಯಾಯಿತಿ, ಡೆಲಿವರಿಯ ಅಂದಾಜು ದಿನ, ರದ್ದು ಮಾಡಿದರೆ ಎಷ್ಟು ವಾಪಸ್. ಇದರ ಕೆಳಗೆ ಕೈಬರಹದಲ್ಲಿ ಒಂದು ಸಾಲು ಸೇರಿಸಿ ಸಹಿ ಹಾಕಿಸಿ: ‘ಚಾಸಿ ನಂಬರ್ ಗೊತ್ತಾದ ಮೇಲೆ, ನೋಂದಣಿಗೆ ಮುಂಚೆ, ಗ್ರಾಹಕರು ಕಾರು ಪರಿಶೀಲಿಸುತ್ತಾರೆ.’ ಒಪ್ಪದ ಡೀಲರ್ ಬಳಿ ಯಾಕೆ ಒಪ್ಪುವುದಿಲ್ಲ ಎಂದು ಕೇಳುವ ಬದಲು ಇನ್ನೊಬ್ಬರ ಬಳಿ ಹೋಗುವುದು ಸುಲಭ.

ಇನ್ನೊಂದು ಮಾತು ಸಣ್ಣ ಊರಿನವರಿಗೇ ವಿಶೇಷ. ಡೀಲರ್‌ಗಳ ದೊಡ್ಡ ಯಾರ್ಡ್ ಬೇರೆ ಊರಿನಲ್ಲಿದ್ದರೆ ಕಾರನ್ನು ಅಲ್ಲಿಂದ ಓಡಿಸಿಕೊಂಡೇ ತರುವುದುಂಟು. ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 185 ಕಿಲೊಮೀಟರ್, ಚಿಕ್ಕಮಗಳೂರಿಗೆ 245ರ ಹತ್ತಿರ. ಹೊಸ ಎಂಜಿನ್ನನ್ನು ಯಾರೋ ಅವಸರದ ಚಾಲಕ ಹೆದ್ದಾರಿಯಲ್ಲಿ ತುಳಿದು ತಂದರೆ ನಿಮಗೇ ನಷ್ಟ. ಲಾರಿಯಲ್ಲಿ ತರಿಸುವ ಮಾತನ್ನು ಮೊದಲೇ ಆಡಿ, ಮೀಟರ್ ಇಷ್ಟು ಕಿಲೊಮೀಟರ್ ದಾಟಿರಬಾರದು ಎಂದು ಬರೆಸಿ.

ಯಾರ್ಡಿನಲ್ಲಿ ಒಂದು ಗಂಟೆ

ಬೆಳಿಗ್ಗೆ ಹತ್ತರ ನಂತರ, ಬಿಸಿಲು ಇದ್ದಾಗ ಹೋಗಿ. ಸಂಜೆ ಟ್ಯೂಬ್‌ಲೈಟಿನಡಿ ಗೀರು ಕಾಣುವುದಿಲ್ಲ, ಮಳೆಹನಿ ಬಿದ್ದ ಕಾರಿನಲ್ಲಂತೂ ಏನೂ ಕಾಣುವುದಿಲ್ಲ. ಕಾರಿಗೆ ನೀರು ಹಾಕಿ ಒರೆಸಿರಲಿ, ಪಾಲಿಶ್ ಮಾತ್ರ ಬೇಡ ಎಂದು ಮೊದಲೇ ಹೇಳಿ; ಪಾಲಿಶ್ ಎಂಬುದು ಗೀರಿಗೆ ಹಚ್ಚುವ ಪೌಡರ್. ಜೊತೆಗೆ ಒಂದು ಟಾರ್ಚ್, ಒರೆಸಲು ಬಟ್ಟೆ, ಸಿಕ್ಕಿದರೆ ಒಂದು ಮಲ್ಟಿಮೀಟರ್.

ಮೊದಲು ಚಾಸಿ ನಂಬರ್. 17 ಅಕ್ಷರ-ಅಂಕಿಗಳ ಆ ಸಾಲನ್ನು ಲೋಹದ ಮೇಲೆ ಕೊರೆದ ಜಾಗದಲ್ಲೇ ಓದಿ, ನಿಮಗೆ ಕಳಿಸಿದ ನಂಬರಿನ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಹಲವು ಕಂಪನಿಗಳಲ್ಲಿ 10ನೇ ಅಕ್ಷರ ವರ್ಷದ ಗುರುತು: ಆರ್ ಎಂದರೆ 2024, ಎಸ್ 2025, ಟಿ 2026. ತಯಾರಾದ ತಿಂಗಳು ಮತ್ತು ವರ್ಷ ಡೀಲರ್ ಕೊಡುವ ಮಾರಾಟ ಪ್ರಮಾಣಪತ್ರದಲ್ಲಿ, ಅಂದರೆ ಫಾರಂ 21ರಲ್ಲೂ ಇರುತ್ತದೆ. ಆರು ತಿಂಗಳಿಗಿಂತ ಹಳೆಯದಾದರೆ ಬೇರೆ ಕಾರು ಕೇಳಿ, ಅಥವಾ ಇನ್ನೂ ರಿಯಾಯಿತಿ ಕೇಳಿ.

ಆಮೇಲೆ ಬಗ್ಗಿ ಟೈರ್ ನೋಡಿ. ಪಕ್ಕದ ಗೋಡೆಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 3125 ಎಂದಿದ್ದರೆ 2025ರ 31ನೇ ವಾರದಲ್ಲಿ ತಯಾರಾದ ಟೈರ್. ಐದೂ ಟೈರ್‌ಗಳ ವಾರ ಹತ್ತಿರಹತ್ತಿರ ಇರಬೇಕು, ಕಾರಿಗಿಂತ ಸ್ವಲ್ಪ ಹಿಂದಿನದಾಗಿರಬೇಕು. ಒಂದೇ ಟೈರ್ ಕಾರಿಗಿಂತ ಹೊಸದಾಗಿದ್ದರೆ ಅದನ್ನು ಬದಲಾಯಿಸಿದ್ದಾರೆ, ಯಾಕೆ ಎಂದು ಕೇಳಬೇಕು. ಗಾಜುಗಳ ಮೂಲೆಯಲ್ಲೂ ಇಂಥದೇ ಗುರುತುಗಳಿವೆ. ಎಲ್ಲ ಗಾಜೂ ಒಂದೇ ಕಂಪನಿಯದಾಗಿದ್ದು ಮುಂದಿನದು ಮಾತ್ರ ಬೇರೆಯದಾದರೆ ಅಲ್ಲೂ ಅದೇ ಪ್ರಶ್ನೆ.

ಇನ್ನು ಮೈ. ಕಾರಿನ ಮೂಲೆಯಲ್ಲಿ ನಿಂತು ಬದಿಯ ಉದ್ದಕ್ಕೆ ಓರೆಗಣ್ಣಿನಲ್ಲಿ ನೋಡಿ, ಪ್ರತಿಫಲನ ಎಲ್ಲಿ ಅಲುಗುತ್ತದೋ ಅಲ್ಲಿ ತಗ್ಗು ಇದೆ. ಬಾಗಿಲು, ಬಾನೆಟ್ ಸುತ್ತಲಿನ ಸಂದು ಎರಡೂ ಬದಿಯಲ್ಲಿ ಸಮನಾಗಿರಬೇಕು. ಬಾಗಿಲು ತೆರೆದು ಕೀಲಿನ ಬೋಲ್ಟುಗಳನ್ನು ಟಾರ್ಚ್ ಬಿಟ್ಟು ನೋಡಿ: ಕಾರ್ಖಾನೆಯಲ್ಲಿ ಬೋಲ್ಟಿನ ಮೇಲೂ ಬಣ್ಣ ಕೂತಿರುತ್ತದೆ, ಸ್ಪ್ಯಾನರ್ ಹಾಕಿದರೆ ಮೂಲೆಗಳಲ್ಲಿ ಅದು ಕಿತ್ತಿರುತ್ತದೆ. ಬಾಗಿಲು ಬಿಚ್ಚಿ ಹಾಕಿದ ಕಾರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ರಬ್ಬರ್ ಬೀಡಿಂಗನ್ನು ಒಂದೆರಡು ಕಡೆ ಹಿಂದಕ್ಕೆ ಸರಿಸಿ. ಅಂಚಿನಲ್ಲಿ ಬಣ್ಣದ ಗೆರೆ ಅಥವಾ ಧೂಳಿನಂಥ ಬಣ್ಣದ ಕಣ ಸಿಕ್ಕಿದರೆ ಮತ್ತೆ ಬಣ್ಣ ಹೊಡೆದಿದ್ದಾರೆ.

ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿಯ ಗುಂಡಿಯಲ್ಲಿ ಕೈಯಾಡಿಸಿ. ತೇವ ಇದ್ದರೆ, ತುಕ್ಕಿನ ಚುಕ್ಕೆ ಇದ್ದರೆ, ಮುಗ್ಗಲು ವಾಸನೆ ಇದ್ದರೆ ಮಳೆಯಲ್ಲಿ ಸೋರಿದೆ. ಮುಂದಿನ ಸೀಟಿನ ಕೆಳಗೂ ಹಾಗೆಯೇ. ಬಾನೆಟ್ ತೆರೆದು ಇಲಿ ಹಿಕ್ಕೆ, ಕಡಿದ ವೈರ್ ಇದೆಯೇ ನೋಡಿ. ಬಯಲಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಇದು ಹೊಸದೇನಲ್ಲ. ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿ ಅಳೆಯಿರಿ: 12.6 ವೋಲ್ಟ್ ಎಂದರೆ ತುಂಬಿದೆ, 12.2ಕ್ಕಿಂತ ಕೆಳಗಿದ್ದರೆ ಬಹಳ ದಿನ ಚಾರ್ಜಿಲ್ಲದೆ ಬಿದ್ದಿತ್ತು, ಹೊಸದಕ್ಕೆ ಪಟ್ಟು ಹಿಡಿಯಿರಿ.

ಸ್ಟಾರ್ಟ್ ಮಾಡಿ ಮೀಟರಿನ ಫೋಟೊ ತೆಗೆದುಕೊಳ್ಳಿ. ಎಚ್ಚರಿಕೆಯ ದೀಪಗಳೆಲ್ಲ ಹೊತ್ತಿ ಆರಬೇಕು. ಹತ್ತು ನಿಮಿಷ ಎಸಿ ಓಡಲಿ. ಅಷ್ಟರಲ್ಲಿ ನಾಲ್ಕೂ ಕಿಟಕಿ, ಕನ್ನಡಿ, ವೈಪರ್, ಹಾರ್ನ್, ಎಲ್ಲ ದೀಪ, ಹಿಂದಿನ ಕ್ಯಾಮೆರಾ, ಪ್ರತಿ ಸ್ಪೀಕರ್, ಪ್ರತಿ ಸೀಟ್‌ಬೆಲ್ಟ್. ನಿಮ್ಮ ವೇರಿಯಂಟಿನ ಪುಸ್ತಿಕೆ ಕೈಯಲ್ಲಿಟ್ಟುಕೊಂಡು ಅದರಲ್ಲಿ ಬರೆದದ್ದೆಲ್ಲ ಕಾರಿನಲ್ಲಿದೆಯೇ ಎಂದು ಟಿಕ್ ಹಾಕಿ. ಕೆಳಮಟ್ಟದ ವೇರಿಯಂಟ್ ಬಂದುಬಿಟ್ಟಿರುವುದೂ ಉಂಟು.

ತೃಪ್ತಿಯಾದರೆ ಆ ಚಾಸಿ ನಂಬರಿನ ಫೋಟೊ ಹಾಕಿ ‘ಈ ಕಾರು ಒಪ್ಪಿದ್ದೇವೆ, ಬಿಲ್ ಮಾಡಿ’ ಎಂದು ವಾಟ್ಸ್ಆ್ಯಪ್ ಮಾಡಿ. ಉಳಿದ ಹಣ, ವಿಮೆ, ತೆರಿಗೆ ಎಲ್ಲ ಇದಾದ ಮೇಲೆ.

ಆಕ್ಸೆಸರೀಸ್ ಬಗ್ಗೆ ನಾಲ್ಕು ಮಾತು

ಕೆಂಪು ಮಣ್ಣಿನ ರಸ್ತೆಯವರಿಗೆ ಮಡ್ ಫ್ಲ್ಯಾಪ್ ಬೇಕು, ರಬ್ಬರ್ ಮ್ಯಾಟ್ ಬೇಕು. ಬಾಗಿಲಿಂದ ಬಾಗಿಲಿಗೆ ಹೊಲಿದ ದಪ್ಪ ‘7ಡಿ’ ಮ್ಯಾಟ್ ಮಲೆನಾಡಿನ ಮಳೆಗಾಲದಲ್ಲಿ ಅಡಿಯಲ್ಲಿ ನೀರು ಹಿಡಿದು ಆಗಸ್ಟ್ ಹೊತ್ತಿಗೆ ನಾರುತ್ತದೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಅದಕ್ಕೆಂದೇ ಹೊಲಿಗೆ ಬಿಟ್ಟ ಸೀಟ್ ಕವರ್ ಮಾತ್ರ ಹಾಕಿಸಿ. ಬೇರೆಯದು ಏರ್‌ಬ್ಯಾಗನ್ನು ಅದುಮಿ ಹಿಡಿಯುತ್ತದೆ. ಮುಂದಿನ ಬುಲ್ ಗಾರ್ಡ್ ಕಾನೂನುಬಾಹಿರ, ಏರ್‌ಬ್ಯಾಗ್ ಸೆನ್ಸರಿನ ಲೆಕ್ಕವನ್ನೂ ಕೆಡಿಸುತ್ತದೆ. ಘಾಟಿಯ ಮಂಜಿಗೆಂದು ಹೊರಗಿನ ಅಂಗಡಿಯಲ್ಲಿ ವೈರ್ ಕತ್ತರಿಸಿ ಲೈಟ್ ಹಾಕಿಸಿದರೆ ಎಲೆಕ್ಟ್ರಿಕಲ್ ವಾರಂಟಿಗೆ ಕುತ್ತು. ಮೂಲ ಸಾಕೆಟ್ಟಿಗೇ ಕೂರುವ ಕಂಪನಿಯ ಫಾಗ್ ಲ್ಯಾಂಪ್ ಕೇಳಿ. ಹೆಚ್ಚುವರಿ ವಾರಂಟಿ ತೆಗೆದುಕೊಳ್ಳುವುದಾದರೆ ಕಾರಿನ ಜೊತೆಗೇ ತೆಗೆದುಕೊಳ್ಳಿ, ಆಗ ಅಗ್ಗ.

ಡೆಲಿವರಿ ಮತ್ತು ಅದರ ಮರುದಿನಗಳು

ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಕೂರಿಸದೆ ಕಾರು ಹೊರಗೆ ತೆಗೆಯಬೇಡಿ, ಅದನ್ನು ಕೂರಿಸಿಕೊಡುವುದು ಡೀಲರ್ ಕೆಲಸ. ಚಾಸಿ ನಂಬರನ್ನು ಮತ್ತೊಮ್ಮೆ ಓದಿ: ನೀವು ಒಪ್ಪಿದ ಕಾರೇ ಬಂದಿರಬೇಕು. ಯಾರ್ಡಿನಲ್ಲಿ ತೆಗೆದ ಮೀಟರ್ ಫೋಟೊದ ಜೊತೆ ಕಿಲೊಮೀಟರ್ ಹೋಲಿಸಿ. ಕೈಗೆ ಬರಬೇಕಾದದ್ದು ಬಿಲ್, ವಿಮೆ ಪಾಲಿಸಿ, ತೆರಿಗೆ ರಸೀದಿ, ಫಾರಂ 21 ಮತ್ತು 22ರ ಪ್ರತಿ, ವಾರಂಟಿ ಪುಸ್ತಕ, ಎರಡು ಕೀ, ಜಾಕ್, ಸ್ಪ್ಯಾನರ್, ತ್ರಿಕೋನ, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಫಾಸ್ಟ್ಯಾಗ್ ಗಾಜಿಗೆ ಅಂಟಿದ್ದು ನಿಮ್ಮ ಮೊಬೈಲಿಗೇ ಜೋಡಣೆಯಾಗಿರಬೇಕು. ಹಾಸನ-ಬೆಂಗಳೂರು ಓಡಾಟ ಜಾಸ್ತಿ ಇರುವವರಿಗೆ 2025ರಲ್ಲಿ 3,000 ರೂಪಾಯಿಗೆ ಶುರುವಾದ, 200 ದಾಟುಗಳ ವಾರ್ಷಿಕ ಪಾಸ್ ಲಾಭ, ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಿಗೆ ಮಾತ್ರ ಅದು.

ಟ್ಯಾಂಕಿನಲ್ಲಿ ಮೂರ್ನಾಲ್ಕು ಲೀಟರ್‌ಗಿಂತ ಹೆಚ್ಚು ಇರುವುದಿಲ್ಲ. ನಿಂಬೆಹಣ್ಣು ತುಳಿಸಿ ಸೀದಾ ದೇವಸ್ಥಾನಕ್ಕೆ ಹೊರಡುವ ಮೊದಲು ಹತ್ತಿರದ ಬಂಕಿಗೆ ಹೋಗಿ. ಮೊದಲ 1,000 ಕಿಲೊಮೀಟರ್ ಒಂದೇ ವೇಗದಲ್ಲಿ ದೂರ ಓಡಿಸುವುದು, ಪೂರ್ತಿ ಆಕ್ಸಿಲರೇಟರ್ ಒತ್ತುವುದು, ತುಂಬಿದ ಕಾರಿನಲ್ಲಿ ಘಾಟಿ ಹತ್ತುವುದು ಬೇಡ. ಧರ್ಮಸ್ಥಳಕ್ಕೆ ಹರಕೆ ಇದ್ದರೆ ಇಬ್ಬರೇ ಹೋಗಿ, ಎಂಜಿನ್ ಬಿಸಿಯಾಗುವವರೆಗೆ ನಿಧಾನ.

ಆರ್‌ಸಿ ಬಂದ ದಿನ ಹೆಸರಿನ ಕಾಗುಣಿತ, ಚಾಸಿ ಮತ್ತು ಎಂಜಿನ್ ನಂಬರ್, ತಯಾರಾದ ತಿಂಗಳು, ಸಾಲ ಕೊಟ್ಟ ಬ್ಯಾಂಕಿನ ಹೆಸರು ನಾಲ್ಕನ್ನೂ ಬಿಲ್ಲಿನ ಜೊತೆ ತಾಳೆ ಹಾಕಿ. ತಪ್ಪಿದ್ದರೆ ಆ ವಾರವೇ ಡೀಲರ್ ಮೂಲಕ ತಿದ್ದಿಸಿ. ಐದು ವರ್ಷದ ನಂತರ ಸಾಲ ತೀರಿ ಫಾರಂ 35 ಹಿಡಿದು ಬ್ಯಾಂಕಿನ ಹೆಸರು ತೆಗೆಸಲು ಹೋದಾಗ ಒಂದು ಅಕ್ಷರ ಬೇರೆ ಇದ್ದರೂ ಆರ್‌ಟಿಒ ಕೌಂಟರಿನಿಂದ ವಾಪಸ್ ಕಳಿಸುತ್ತಾರೆ.